ಒಪ್ಪಿಗೆ ಪತ್ರಕ್ಕೆ ರುಜು ಹಾಕುವ ಮುನ್ನ

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ಪತಿ ತೀರಿಕೊಂಡರು. ಅವರು ಸ್ವಂತ ದುಡಿಮೆಯಿಂದ ಕ್ರಯಕ್ಕೆ ಪಡೆದ 4 ಎಕರೆ ಜಮೀನು ಅವರ ಹೆಸರಿನಲ್ಲೇ ಇದೆ, ಉಯಿಲು ಬರೆದಿಲ್ಲ. 9 ಮತ್ತು 6 ವರ್ಷದ ಇಬ್ಬರು ಮಕ್ಕಳಿದ್ದಾರೆ, ಅತ್ತೆಯವರೂ ಇದ್ದಾರೆ. ಪೌತಿ ಖಾತೆಯನ್ನು (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಅತ್ತೆಯವರೊಬ್ಬರ ಹೆಸರಿಗೆ ಮಾಡಿಸಲು ಬಾವನವರು ಒಪ್ಪಿಗೆ ಪತ್ರ ಬರೆಸಿ ತಂದಿದ್ದಾರೆ. ನಾನು ಮರುಮದುವೆಯಾದರೆ ಒಂದು ಗುಂಟೆಯೂ ದಕ್ಕುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ರುಜು ಹಾಕಬೇಡಿ. ನೀವು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ಒಳಪಟ್ಟವರೆಂದು ಭಾವಿಸಿ ಉತ್ತರಿಸುತ್ತಿದ್ದೇನೆ. ಅದರಂತೆ ನಿಮಗೆ, ಇಬ್ಬರು ಮಕ್ಕಳಿಗೆ ಮತ್ತು ಅತ್ತೆಯವರಿಗೆ ತಲಾ ಕಾಲು ಪಾಲು, ಅಂದರೆ ಒಂದೊಂದು ಎಕರೆಯ ಹಕ್ಕು ಬರುತ್ತದೆ; ಬಾವನವರಿಗೆ ಇದರಲ್ಲಿ ಪಾಲಿಲ್ಲ. ಅತ್ತೆಯವರ ಕಾಲು ಪಾಲು ನ್ಯಾಯವಾಗಿ ಅವರದೇ, ಅದಕ್ಕೆ ನೀವೂ ಅಡ್ಡಿಪಡಿಸಬೇಡಿ. ಆದರೆ ಇಡೀ ಜಮೀನು ಅವರದಾಗಿಬಿಟ್ಟರೆ, ಅವರು ಅದನ್ನು ತಮಗೆ ಬೇಕಾದವರಿಗೆ ಬರೆದುಕೊಡಬಹುದು. ಬರೆಯದೆ ತೀರಿಕೊಂಡರೆ ಅವರ ಮಕ್ಕಳಿಗೂ ನಿಮ್ಮ ಮಕ್ಕಳಿಗೂ ಪಾಲು ಹೋಗುತ್ತದೆಯೇ ಹೊರತು, ಸೊಸೆಯಾದ ನೀವು ಅವರ ಆಸ್ತಿಗೆ ವಾರಸುದಾರರಾಗುವುದಿಲ್ಲ. ‘ಸದ್ಯಕ್ಕೆ ಅಮ್ಮನ ಹೆಸರಿನಲ್ಲಿರಲಿ’ ಎಂಬ ಮಾತಿನ ಹಿಂದಿರುವ ಲೆಕ್ಕ ಇದು.

ಮರುಮದುವೆಯ ಮಾತು ಬರಿಯ ಬೆದರಿಕೆ. ವಿಧವೆಯರ ಮರುವಿವಾಹಕ್ಕೆ ಮನ್ನಣೆ ಕೊಟ್ಟ 1856ರ ಕಾಯಿದೆಯೇ ಮರುಮದುವೆಯಾದವಳ ಕೈಯಿಂದ ಸತ್ತ ಗಂಡನ ಆಸ್ತಿಯನ್ನು ಕಿತ್ತುಕೊಂಡಿತ್ತು. ಆ ಕಾಯಿದೆ 1983ರಲ್ಲಿ ರದ್ದಾದರೂ ಅದರ ನೆನಪು ಮಾತ್ರ ಊರಕಟ್ಟೆಯಲ್ಲಿ ಉಳಿದುಕೊಂಡಿದೆ. ಪತಿ ತೀರಿಕೊಂಡ ದಿನವೇ ಪಾಲು ನಿಮ್ಮದಾಗಿದೆ, ಉತ್ತರಾಧಿಕಾರ ಅಧಿನಿಯಮದ 14ನೇ ಕಲಮಿನಂತೆ ನೀವು ಅದರ ಪೂರ್ಣ ಒಡತಿ. ಮುಂದೆ ಮದುವೆಯಾದರೂ ಅದು ಕೈತಪ್ಪುವುದಿಲ್ಲ.

ಮಕ್ಕಳ ಪರವಾಗಿಯೂ ನೀವು ಹಕ್ಕು ಬಿಟ್ಟುಕೊಡುವಂತಿಲ್ಲ. ಅಪ್ರಾಪ್ತರ ಸ್ಥಿರಾಸ್ತಿಯನ್ನು ಪರಭಾರೆ ಮಾಡಲು ತಾಯಿಗೂ ನ್ಯಾಯಾಲಯದ ಅನುಮತಿ ಬೇಕು.

ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಪಹಣಿಯೊಂದಿಗೆ ನಾಡಕಚೇರಿಯಲ್ಲಿ ನಾಲ್ವರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ನಿಮ್ಮ ಮತ್ತು ಮಕ್ಕಳ ಹೆಸರು ಇದೆಯೇ ಎಂದು ಸ್ವತಃ ಓದಿ ನೋಡಿ. ಹೆಸರು ಬಿಟ್ಟುಹೋಗುವುದು ಹೆಚ್ಚಾಗಿ ಅಲ್ಲಿಯೇ. ಬಾವನವರು ಈಗಾಗಲೇ ಅರ್ಜಿ ಹಾಕಿದ್ದರೆ, ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಒಂದು ವೇಳೆ ಖಾತೆ ಬದಲಾಗಿದ್ದರೂ ಎದೆಗುಂದಬೇಡಿ, ಖಾತೆಯಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ. ಪಾಲಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ವಕೀಲರ ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.