ಉ: ಬೇರೆ ಕಂಡೆನ್ಸರ್ ಇಟ್ಟರೆ ಕಲ್ಲಿದ್ದಲು ಉಳಿಯುವುದು ಹೇಗೆ?
ಕಂಡೆನ್ಸರನ್ನು, ಅಂದರೆ ಹಬೆಯನ್ನು ತಣಿಸಿ ನೀರಾಗಿಸುವ ಪಾತ್ರೆಯನ್ನು, ಸಿಲಿಂಡರಿನಿಂದ ಬೇರೆ ಇಟ್ಟ ಮಾತ್ರಕ್ಕೆ ಜೇಮ್ಸ್ ವಾಟ್‌ನ ಹಬೆ ಎಂಜಿನ್ನಿನಲ್ಲಿ ಅಷ್ಟೊಂದು ಕಲ್ಲಿದ್ದಲು ಹೇಗೆ ಉಳಿಯಿತು ಎಂದು ಕೇಳಿದ್ದೀರಿ. ನಷ್ಟವಾಗುತ್ತಿದ್ದದ್ದು ಸಿಲಿಂಡರಿನ ಗೋಡೆಯಲ್ಲಿ. ವಾಟ್‌ಗಿಂತ ಮೊದಲು ಥಾಮಸ್ ನ್ಯೂಕಮೆನ್ ಮಾಡಿದ 1712ರ ಎಂಜಿನ್ನಿನಲ್ಲಿ ಪ್ರತಿ ಹೊಡೆತಕ್ಕೂ ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸಿ ಹಬೆಯನ್ನು ನೀರಾಗಿಸುತ್ತಿದ್ದರು. ನಿರ್ವಾತ ಉಂಟಾಗಿ, ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತಿತ್ತು. ಆದರೆ ಗೋಡೆಯೂ ತಣ್ಣಗಾಗುತ್ತಿತ್ತು. ಮುಂದಿನ ಹಬೆಯ ಬಹುಪಾಲು ಅದನ್ನು ಮತ್ತೆ ಕಾಯಿಸುವುದಕ್ಕೇ ಹೋಗುತ್ತಿತ್ತು.

1765ರಲ್ಲಿ ವಾಟ್‌ಗೆ ಹೊಳೆದ ಉಪಾಯ: ಹಬೆಯನ್ನು ಪಕ್ಕದ ತಣ್ಣನೆಯ ಪಾತ್ರೆಗೆ ಬಿಟ್ಟು ಅಲ್ಲಿ ನೀರಾಗಿಸುವುದು, ಸಿಲಿಂಡರನ್ನು ಸದಾ ಬಿಸಿಯಾಗಿಡುವುದು. ಪಾತ್ರೆಯಲ್ಲಿ ಸೇರುವ ನೀರು, ಗಾಳಿಯನ್ನು ಹೊರಹಾಕಲು ಏರ್ ಪಂಪ್ ಬೇಕೇ ಬೇಕು. ಇಲ್ಲದಿದ್ದರೆ ನಿರ್ವಾತ ಉಳಿಯುವುದಿಲ್ಲ.

ದೊಡ್ಡ ತಲೆನೋವು ಸೋರಿಕೆಯದು. ನ್ಯೂಕಮೆನ್ ಪಿಸ್ಟನ್ ಮೇಲೆ ನೀರು ನಿಲ್ಲಿಸಿ ಸಂದು ಮುಚ್ಚುತ್ತಿದ್ದ. ವಾಟ್ ಹಾಗೆ ಮಾಡುವಂತಿರಲಿಲ್ಲ, ನೀರು ಬಿದ್ದರೆ ಸಿಲಿಂಡರ್ ಮತ್ತೆ ತಣ್ಣಗಾಗುತ್ತದೆ. ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್‌ನ ಕೊರೆಯುವ ಯಂತ್ರದಿಂದ ದೊಡ್ಡ ಸಿಲಿಂಡರುಗಳು ಸಾಕಷ್ಟು ದುಂಡಗೆ ಬಂದ ಮೇಲೆಯೇ ಕೆಲಸ ಕೂಡಿಬಂತು. ಪೇಟೆಂಟ್ 1769ರದ್ದಾದರೂ ಎಂಜಿನ್ 1776ರಲ್ಲಷ್ಟೇ ದುಡಿಮೆಗಿಳಿಯಲು ಇದೂ ಒಂದು ಮುಖ್ಯ ಕಾರಣ.

ನ್ಯೂಕಮೆನ್ ಎಂಜಿನ್ನಿಗೆ ಹೋಲಿಸಿದರೆ ಕಲ್ಲಿದ್ದಲಿನ ಉಳಿತಾಯ ಸುಮಾರು ಮುಕ್ಕಾಲು ಪಾಲು. ಹೀಗೆ ಉಳಿತಾಯವಾದ ಇಂಧನದ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನು ವಾಟ್ ಮತ್ತು ಅವನ ವ್ಯಾಪಾರದ ಪಾಲುದಾರ ಬೌಲ್ಟನ್ ಶುಲ್ಕವಾಗಿ ಪಡೆಯುತ್ತಿದ್ದರು. ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸಬೇಕಿದ್ದ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳು ನೀರೆತ್ತಲು ಇದನ್ನು ಬೇಗ ಒಪ್ಪಿಕೊಂಡವು. ಕಲ್ಲಿದ್ದಲ ಗಣಿಗಳಲ್ಲಿ ಪುಡಿ ಇಂಧನ ಅಗ್ಗವಾಗಿತ್ತು, ಹಾಗಾಗಿ ಅಲ್ಲಿ ನ್ಯೂಕಮೆನ್ ಎಂಜಿನ್ನೇ ಬಹುಕಾಲ ನಡೆಯಿತು.