ಇನ್‌ಚಾರ್ಜ್ ಆಗಬೇಕೆನ್ನುವುದು ಯಾತಕ್ಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ದುಡಿಯುತ್ತಿರುವ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಕಲಿತ ಶುಶ್ರೂಷಕಿಯೊಬ್ಬರು ಬೇಸಿಗೆಯಲ್ಲಿ ಸಲಹೆ ಕೇಳಲು ನನ್ನ ಬಳಿ ಬಂದರು. ವಾರ್ಡಿನ ಮೇಲ್ವಿಚಾರಣೆ ನೋಡಿಕೊಳ್ಳುವ ವಾರ್ಡ್ ಇನ್‌ಚಾರ್ಜ್ ಹುದ್ದೆ ವಹಿಸಿಕೊಳ್ಳುವಿರಾ ಎಂದು ಆಡಳಿತದವರು ಕೇಳಿ ಎರಡು ವಾರ ಕಳೆದಿದ್ದರೂ ಅವರಿಗೆ ಉತ್ತರ ಕೊಡಲಾಗಿರಲಿಲ್ಲ, ನಿದ್ದೆಯೂ ಹತ್ತುತ್ತಿರಲಿಲ್ಲ.

“ನೈಟ್ ಮಾಡಿ ಮಾಡಿ ಸಾಕಾಗ್ಯದ್ರಿ ಮೇಡಂ. ಮಗಳದು ಈ ವರ್ಷ ಎಸ್ಸೆಸ್ಸೆಲ್ಸಿ. ಇನ್‌ಚಾರ್ಜ್ ಆದ್ರ ಹಗಲು ಡ್ಯೂಟಿ ಇರ್ತದ,” ಎಂದರು. ಇದನ್ನು ಸಣ್ಣ ಕಾರಣವೆನ್ನುವವರು ರಾತ್ರಿ ಪಾಳಿ ಮುಗಿಸಿ ಬಂದು, ನಲವತ್ತು ಡಿಗ್ರಿ ಬಿಸಿಲಿನ ಹಗಲಿನಲ್ಲಿ ನಿದ್ದೆ ಮಾಡಿ ನೋಡಬೇಕು. ಆದರೆ ಕಾರಣ ಅದೊಂದೇ ಆಗಿದ್ದರೆ ಅವರು ಮೊದಲ ದಿನವೇ ಒಪ್ಪಿಕೊಂಡಿರುತ್ತಿದ್ದರು.

ಎರಡನೆಯ ಭೇಟಿಗೆ ಅವರು ಗೆರೆ ಹಾಕಿದ ನೋಟ್‌ಬುಕ್ ಒಂದನ್ನು ತಂದಿದ್ದರು. ಡ್ಯೂಟಿ ಪಟ್ಟಿ ಹಾಕುವುದು ಅವರ ಕೆಲಸವಲ್ಲದಿದ್ದರೂ, ಯಾರಿಗೆ ಮೊಲೆಹಾಲಿನ ಕೂಸಿದೆ, ಮಾನ್ವಿಗೆ ಹೋಗುವವರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನೆಲ್ಲ ಲೆಕ್ಕ ಹಾಕಿ, ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದ ಪಟ್ಟಿಗಳು ಅದರಲ್ಲಿದ್ದವು. ಕೊನೆಯ ಹಾಳೆಯಲ್ಲಿ “ಸಿಲಿಂಡರ್ ಕೀ” ಎಂದು ನಾಲ್ಕು ಸಲ, ನಾಲ್ಕು ತಾರೀಖುಗಳೊಂದಿಗೆ ಬರೆದಿತ್ತು. ಒಂದು ರಾತ್ರಿ ಆಕ್ಸಿಜನ್ ಮುಗಿದು ಸಿಲಿಂಡರ್ ಬದಲಿಸಬೇಕಾದಾಗ ಅದನ್ನು ತೆರೆಯುವ ಕೀಲಿ ಸಿಗದೆ, ಮೇಲಿನ ಮಹಡಿಗೆ ಓಡಿ ತಂದಿದ್ದರು. ರೋಗಿ ಉಳಿದರು. ಇನ್ನೊಂದು ಕೀಲಿ ಬೇಕೆಂದು ಅವರು ಕೊಟ್ಟಿದ್ದ ನಾಲ್ಕು ಇಂಡೆಂಟುಗಳಿಗೆ (ಸಾಮಗ್ರಿ ಕೋರುವ ಚೀಟಿಗಳಿಗೆ) ಮಾತ್ರ ಉತ್ತರ ಬಂದಿರಲಿಲ್ಲ. ಅವರನ್ನು ಆ ಹುದ್ದೆಯ ಕಡೆಗೆ ಎಳೆಯುತ್ತಿದ್ದುದು ಈ ಹಾಳೆಯೇ ಎಂದು ನನಗನ್ನಿಸಿತು.

ಸಂಬಳ, ಪಾಳಿಯಂಥವು ಅಸಮಾಧಾನವನ್ನು ಕಳೆಯುತ್ತವೆ, ಹುರುಪು ಹುಟ್ಟುವುದು ಸಾಧನೆ, ಮನ್ನಣೆ, ಹೊಣೆಗಾರಿಕೆಗಳಿಂದ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದರು. ಅವರು ಮಾತಾಡಿಸಿದ್ದು ಲೆಕ್ಕಿಗರನ್ನು ಮತ್ತು ಎಂಜಿನಿಯರರನ್ನು. ಸಿಸ್ಟರುಗಳ ರಾತ್ರಿಯನ್ನು ಆ ತಕ್ಕಡಿಯಲ್ಲಿ ಪೂರ್ತಿ ತೂಗಲಾಗದು. ಆದರೂ ಈ ಪ್ರಕರಣದಲ್ಲಿ ಹಗಲು ಪಾಳಿಯ ಆಸೆ, ಹೊಣೆಯ ಸೆಳೆತ ಎರಡನ್ನೂ ಬೇರ್ಪಡಿಸಿ ನೋಡಲು ಅದು ನೆರವಾಯಿತು.

ಹಿಂಜರಿಕೆಯ ಮೂಲ ಬೇರೆಯಿತ್ತು. “ನಿನ್ನೆ ತನಕ ಜೊತಿಗೆ ಉಂಡವರ ರಜಾ ನಾಳೆ ನಾನೇ ತಡೀಬೇಕಲ್ರಿ?” ಎಂದು ಕೇಳಿದರು. ಎಳೆಗೂಸಿನ ನರ ಹುಡುಕುವ ತಮ್ಮ ಕೈಚಳಕ ರಿಜಿಸ್ಟರುಗಳ ನಡುವೆ ಮರೆತುಹೋದೀತೆಂಬ ಅಳುಕೂ ಇತ್ತು.

ಕೂಡಲೇ ಒಪ್ಪುವ ಬದಲು ಮೂರು ತಿಂಗಳ ಪ್ರಭಾರ ಕೇಳಿರಿ ಎಂದು ಸಲಹೆ ನೀಡಿದೆ. ಇಂಡೆಂಟಿಗೆ ಸಹಿ ಹಾಕುವ ಮತ್ತು ರಜೆ ತೀರ್ಮಾನಿಸುವ ಅಧಿಕಾರ ತಮಗಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು; ಅಧಿಕಾರವಿಲ್ಲದೆ ಹೊಣೆ ಮಾತ್ರ ಹೆಗಲಿಗೆ ಬರುವುದಾದರೆ ಹಗಲು ಪಾಳಿಯೊಂದೇ ಅವರನ್ನು ಹೆಚ್ಚು ದಿನ ಅಲ್ಲಿ ನಿಲ್ಲಿಸದು. ವಾರದಲ್ಲಿ ಒಂದು ದಿನವಾದರೂ ರೋಗಿಗಳ ಬಳಿ ಕೆಲಸ ಮಾಡಬೇಕು. ರಜೆಯ ನಿಯಮವನ್ನು ಮೊದಲ ವಾರವೇ ಎಲ್ಲರೆದುರು ಹೇಳಿಬಿಡಬೇಕು, ಗೆಳತಿಗೊಂದು, ಉಳಿದವರಿಗೊಂದು ಎಂದಾಗಬಾರದು. ಜಿಎನ್‌ಎಂ ಆದವರು ಓದುವ ಎರಡು ವರ್ಷದ ನರ್ಸಿಂಗ್ ಪದವಿ, ಪೋಸ್ಟ್ ಬೇಸಿಕ್ ಬಿ.ಎಸ್ಸಿ. ವಿಚಾರವನ್ನು ಮಗಳ ಪರೀಕ್ಷೆ ಮುಗಿಯುವವರೆಗೆ ಬದಿಗಿಡಲು ಹೇಳಿದೆ.

ಪ್ರಭಾರ ವಹಿಸಿಕೊಂಡ ಆರನೆಯ ವಾರ ಅವರು ಫೋನ್ ಮಾಡಿದರು. ಕೀಲಿ ಬಂದಿತ್ತು. ರಜೆ ಸಿಗದ ಗೆಳತಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಬುತ್ತಿ ಹಿಡಿದು ಎದುರಿಗೆ ಬಂದು ಕೂತಿದ್ದರಂತೆ, ಮಾತಾಡದೆಯೇ.