ಗಟ್ಟಿಮೇಳದ ಹೊತ್ತಿಗೆ ಮಂಟಪಕ್ಕೆ ಬೆನ್ನು ಮಾಡಿ ನಿಲ್ಲಿ

ಬರುವ ಏಪ್ರಿಲ್‌ನಲ್ಲಿ ನಿಮ್ಮ ಅಕ್ಕನ ಮಗಳ ಮದುವೆ. ಮೂಡಿಗೆರೆ ಸಮೀಪದ ಹಳ್ಳಿಮನೆಯಲ್ಲಿ ಚಪ್ಪರ, ಮರುದಿನ ಚಿಕ್ಕಮಗಳೂರಿನ ಕಲ್ಯಾಣ ಮಂಟಪದಲ್ಲಿ ಧಾರೆ, ಆಮೇಲೆ ಹಾಸನದಲ್ಲಿ ಬೀಗರೂಟ ಎಂದು ಬರೆದಿದ್ದೀರಿ. ಸ್ಟುಡಿಯೊದವರನ್ನು ಗೊತ್ತು ಮಾಡಿಯಾಗಿದ್ದರೂ ನಿಮ್ಮ ಕ್ಯಾಮೆರಾ ಮತ್ತು ಒಂದೇ ಒಂದು 50 ಎಂಎಂ ಲೆನ್ಸ್‌ನಿಂದ ಬೇರೆ ಆಲ್ಬಮ್‌ಗಳಂತಲ್ಲದ ಚಿತ್ರ ತೆಗೆಯುವ ಉಪಾಯಗಳೇನು ಎಂದು ಕೇಳಿದ್ದೀರಿ. ನಾನು ಹಾಸನದ ಸ್ಟುಡಿಯೊ ಒಂದರಲ್ಲಿ ಎಂಟು ವರ್ಷ ಮದುವೆ, ಸೀಮಂತ, ನಾಮಕರಣಗಳಿಗೆ ಹೋಗುತ್ತಿದ್ದವನು. ಈಗ ಆ ಕೆಲಸ ಬಿಟ್ಟು ಬಂಧುಗಳ ಮನೆಯ ಸಮಾರಂಭಗಳಲ್ಲಿ ಮಾತ್ರ ಕ್ಯಾಮೆರಾ ಹಿಡಿಯುತ್ತೇನೆ.

ಮೊದಲಿಗೆ, ಆಲ್ಬಮ್‌ಗಳೆಲ್ಲ ಒಂದೇ ರೀತಿ ಇರುವುದಕ್ಕೆ ಸ್ಟುಡಿಯೊದವರನ್ನು ದೂರಬೇಡಿ. ಅವರ ಬಳಿ ಒಂದು ಪಟ್ಟಿ ಇರುತ್ತದೆ. ಮಾಂಗಲ್ಯ ಧಾರಣೆ, ಧಾರೆ, ಸಪ್ತಪದಿ ತಪ್ಪಬಾರದು. ವೇದಿಕೆ ಹತ್ತಿ ಮುಯ್ಯಿ ಕೊಟ್ಟವರಲ್ಲಿ ಒಬ್ಬರ ಮುಖ ಬಿಟ್ಟುಹೋದರೂ ಮರುವಾರ ಮಾತು ಕೇಳಬೇಕಾಗುತ್ತದೆ. ಹೀಗಾಗಿ ಅವರು ಮಂಟಪ ಬಿಟ್ಟು ಕದಲುವಂತಿಲ್ಲ. ನಿಮಗೆ ಆ ಪಟ್ಟಿಯ ಹೊರೆ ಇಲ್ಲ, ಮೇಲಾಗಿ ನೀವು ಮನೆಯವರು. ಒಳಮನೆಗೂ ಅಡುಗೆಯ ಕೊಟ್ಟಿಗೆಗೂ ಯಾರನ್ನೂ ಕೇಳದೆ ಹೋಗಿಬರಬಲ್ಲಿರಿ. ನಾನು ಹೇಳುವ ಉಪಾಯಗಳೆಲ್ಲ ಈ ಒಂದು ಅನುಕೂಲವನ್ನೇ ನೆಚ್ಚಿಕೊಂಡಿವೆ: ಮಂಟಪವನ್ನು ಅವರಿಗೆ ಬಿಟ್ಟು, ಅವರಿಗೆ ಹೋಗಲಾಗದ ಕಡೆ ನೀವು ನಿಲ್ಲಬೇಕು.

ಚಪ್ಪರದ ದಿನದಿಂದಲೇ ಆರಂಭಿಸಿ. ಅಂದು ತೊಂದರೆ ಕೊಡುವುದು ಜನರಲ್ಲ, ತಲೆಯ ಮೇಲಿನ ಪ್ಲಾಸ್ಟಿಕ್ ಟಾರ್ಪಾಲು. ಏಪ್ರಿಲ್‌ನ ಮಳೆಗೆ ಹೆದರಿ ಈಗ ಎಲ್ಲರೂ ತೆಂಗಿನ ಗರಿಯ ಮೇಲೆ ನೀಲಿ ಟಾರ್ಪಾಲು ಹೊದಿಸುತ್ತಾರೆ. ಅದರ ಮೂಲಕ ಇಳಿಯುವ ಬೆಳಕಿನಲ್ಲಿ ಅರಿಶಿನ ಹಚ್ಚಿದ ಮುಖ ಹಸಿರಾಗಿ ಕಾಣುತ್ತದೆ, ಕಂಪ್ಯೂಟರ್‌ನಲ್ಲಿ ಎಷ್ಟು ತಿದ್ದಿದರೂ ಚರ್ಮದ ಬಣ್ಣ ಪೂರ್ತಿ ಮರಳುವುದಿಲ್ಲ. ಚಪ್ಪರ ಕಟ್ಟುವಾಗಲೇ ಹೇಳಿ ಟಾರ್ಪಾಲಿನ ಕೆಳಗೆ ಬಿಳಿ ಬಟ್ಟೆ ಕಟ್ಟಿಸಿ. ಆಗದಿದ್ದರೆ ಅರಿಶಿನ ಶಾಸ್ತ್ರದ ಮಣೆಯನ್ನು ಚಪ್ಪರದ ನಡುವಿನಿಂದ ಅಂಚಿಗೆ ತರಿಸಿ. ಎರಡು ಮಾರು ಸರಿಸಿದರೆ ಸಾಕು, ಪಕ್ಕದಿಂದ ಬರುವ ತೆರೆದ ಆಕಾಶದ ಬೆಳಕು ಮುಖವನ್ನು ಉಳಿಸುತ್ತದೆ.

ಅರಿಶಿನ ಹಚ್ಚುವ ಕೈಗಳನ್ನು ಎಲ್ಲರೂ ತೆಗೆಯುತ್ತಾರೆ. ನೀವು ಸೋಬಾನೆ ಹೇಳುವ ಹೆಂಗಸರ ಕಡೆ ತಿರುಗಿ. ಪದದ ನಡುವೆ ಒಂದು ಸಾಲು ಮರೆತುಹೋಗಿ, ಹೇಳಿಕೊಡುತ್ತಿದ್ದವರೂ ತಡವರಿಸಿ, ನಾಲ್ಕು ಜನ ಒಬ್ಬರ ಮುಖವನ್ನೊಬ್ಬರು ನೋಡಿ ನಗುವ ಗಳಿಗೆ ಪ್ರತಿ ಮದುವೆಯಲ್ಲೂ ಬರುತ್ತದೆ. ಅದಕ್ಕಾಗಿ ಅರ್ಧ ಗಂಟೆ ಕಾದರೂ ನಷ್ಟವಿಲ್ಲ. ಅವರ ಎದುರಿಗೆ ನಿಲ್ಲದೆ, ಜಮಖಾನೆಯ ಮೇಲೆ ಅವರ ಸಾಲಿನ ತುದಿಯಲ್ಲೇ ಕುಳಿತುಕೊಳ್ಳಿ; ಹತ್ತು ನಿಮಿಷದಲ್ಲಿ ಕ್ಯಾಮೆರಾ ಇರುವುದನ್ನು ಅವರು ಮರೆಯುತ್ತಾರೆ.

ಬೆಳಕಿನ ವಿಷಯವನ್ನು ಸ್ವಲ್ಪ ವಿವರಿಸಬೇಕು. ಹಾಸನ, ಚಿಕ್ಕಮಗಳೂರುಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹನ್ನೊಂದರಿಂದ ಮೂರರವರೆಗೆ ಅಂಗಳದಲ್ಲಿ ನಿಲ್ಲಿಸಿ ತೆಗೆದ ಮುಖಗಳಲ್ಲಿ ಕಣ್ಣಿನ ಗುಳಿಗಳು ಕಪ್ಪಾಗಿ, ಹಣೆ ಮತ್ತು ಮೂಗಿನ ತುದಿ ಬಿಳಿಚಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಹೊಸ್ತಿಲಿನಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ. ವ್ಯಕ್ತಿಯನ್ನು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ, ಮುಖ ಅಂಗಳದ ಕಡೆಗಿರುವಂತೆ ನಿಲ್ಲಿಸಿ, ನೀವು ಹೊರಗೆ ನಿಂತು ತೆಗೆಯಿರಿ. ಮುಖಕ್ಕೆ ಮೆತ್ತನೆಯ ಬೆಳಕು ಬೀಳುತ್ತದೆ, ಹಿಂದಿನ ನಡುಮನೆ ತಾನಾಗಿಯೇ ಕತ್ತಲಲ್ಲಿ ಕರಗುತ್ತದೆ. ಒಂದು ಪಕ್ಕ ಇನ್ನೂ ಕಪ್ಪೆನಿಸಿದರೆ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಮಾವನವರೊಬ್ಬರನ್ನು ಆ ಪಕ್ಕದ ಬಿಸಿಲಿನಲ್ಲಿ ನಿಲ್ಲಿಸಿ ಮಾತನಾಡಿಸುತ್ತಿರಿ. ದುಡ್ಡು ಕೊಟ್ಟು ತಂದ ರಿಫ್ಲೆಕ್ಟರ್ ಮಾಡುವ ಕೆಲಸವನ್ನೇ ಅವರು ಮಾಡುತ್ತಾರೆ. ಹಳೆಯ ತೊಟ್ಟಿ ಮನೆಯಾಗಿದ್ದರೆ ತೊಟ್ಟಿಯ ಸುತ್ತಲಿನ ಜಗಲಿ ಇದಕ್ಕಿಂತಲೂ ಒಳ್ಳೆಯದು.

ಇನ್ನು ನನಗೆ ಅತ್ಯಂತ ಇಷ್ಟವಾದ ಉಪಾಯ. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ನಮ್ಮ ಬಂಧುಗಳ ಮನೆಯ ನಾಮಕರಣದಲ್ಲಿ ಜಗಲಿಯ ಗೋಡೆಗೆ ಒಂದು ಬಣ್ಣದ ಹಚ್ಚಡ ಇಳಿಬಿಟ್ಟು, ಅದರ ಮುಂದೆ ಒಂದು ಮರದ ಕುರ್ಚಿ ಹಾಕಿ, ಬೆಳಗಿನಿಂದ ಆ ಮನೆಯ ಅಂಗಳಕ್ಕೆ ಕಾಲಿಟ್ಟ ಪ್ರತಿಯೊಬ್ಬರನ್ನೂ ಒಂದು ನಿಮಿಷ ಕೂರಿಸಿದೆ. ಕುರ್ಚಿ, ಹಚ್ಚಡ, ಕ್ಯಾಮೆರಾದ ದೂರ, ಯಾವುದನ್ನೂ ಬದಲಿಸಲಿಲ್ಲ. ಚಪ್ಪರ ಕಟ್ಟಿದವರು, ಅಡುಗೆಯವರು, ವಾಲಗದವರು, ಜೀಪಿನ ಚಾಲಕ, ತೋಟದ ಕೆಲಸದವರು, ಮಗುವಿನ ಮುತ್ತಜ್ಜಿ, ಹೀಗೆ ಸಂಜೆಯ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಜನ ಅಲ್ಲಿ ಕುಳಿತು ಎದ್ದಿದ್ದರು. ಅಡುಗೆಯವರೊಬ್ಬರು ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬರಲು ಹೊರಟಾಗ ಅದು ಇರಲಿ ಎಂದೆ. ಈಗ ಆ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅರಿಶಿನದ ಕಲೆಯಾದ ಆ ಟವೆಲ್. ಇಡೀ ಸರಣಿಯನ್ನು ಸಾಲಾಗಿ ಜೋಡಿಸಿ ನೋಡಿದಾಗ ಆ ದಿನ ಯಾರ ಕೈಯಿಂದ ನಡೆಯಿತು ಎಂಬುದು ತಿಳಿಯುತ್ತದೆ. ಸ್ಟುಡಿಯೊದ ಆಲ್ಬಮ್‌ನಲ್ಲಿ ಇವರಲ್ಲಿ ಅರ್ಧದಷ್ಟು ಜನ ಇರಲೇ ಇಲ್ಲ.

ಇದನ್ನು ಮಾಡುವಾಗ ಒಂದು ಸಂಗತಿ ನೆನಪಿರಲಿ. ನಮ್ಮ ಕಡೆಯ ವಯಸ್ಸಾದವರಿಗೆ ಫೋಟೊ ಎಂದರೆ ಗಂಭೀರವಾದ ಕೆಲಸ. ಸೆರಗು ಹೊದ್ದು, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂರುತ್ತಾರೆ. ನಗಿ ಎಂದು ಅವರನ್ನು ಪೀಡಿಸಬೇಡಿ. ಆ ಬಿಗಿಯಲ್ಲೇ ಒಂದು ಚಿತ್ರ ತೆಗೆಯಿರಿ, ಅದು ಅವರು ಬಯಸಿದ ಚಿತ್ರ. ಆಮೇಲೆ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸದೆ “ಆಯ್ತು ಅಜ್ಜಿ” ಎನ್ನಿ. ಅವರು ಉಸಿರು ಬಿಟ್ಟು, ಭುಜ ಇಳಿಸಿ, ಮುಗೀತಾ ಎಂಬಂತೆ ನಿಮ್ಮನ್ನು ನೋಡುವ ಆ ಕ್ಷಣದಲ್ಲಿ ಎರಡನೆಯದನ್ನು ತೆಗೆಯಿರಿ. ಎರಡನ್ನೂ ಮುದ್ರಿಸಿ ಕೊಡಿ. (ನಮ್ಮ ಎಷ್ಟೋ ಮನೆಗಳಲ್ಲಿ ಹಾರ ಹಾಕಿದ ಫೋಟೊ ಯಾವುದೋ ಮದುವೆಯ ಗುಂಪು ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು, ಪಕ್ಕದವರ ಭುಜದ ತುಂಡು ಅದರಲ್ಲಿ ಉಳಿದಿರುತ್ತದೆ.)

ಧಾರೆಯ ದಿನ ನೀವು ಮಾಡಬೇಕಾದ್ದು ಕಡಿಮೆ. ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವಾಗ ಎಲ್ಲ ಕ್ಯಾಮೆರಾಗಳೂ ಅಲ್ಲೇ ಇರುತ್ತವೆ, ನೀವು ಹೋಗಬೇಡಿ. ಗಟ್ಟಿಮೇಳ ಬಾರಿಸಿದ ಕೂಡಲೇ ಮಂಟಪಕ್ಕೆ ಬೆನ್ನು ಮಾಡಿ ಜನರ ಕಡೆ ತಿರುಗಿ. ಅಕ್ಷತೆ ಎಸೆಯಲು ಎದ್ದ ನೂರಾರು ಕೈಗಳು, ಕುರ್ಚಿಯ ಮೇಲೆ ನಿಂತ ಮಕ್ಕಳು, ಎಲ್ಲರಿಗೂ ಹಿಂದೆ ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುವ ಯಾರೋ ಒಬ್ಬ ದೊಡ್ಡಪ್ಪ, ಎಲ್ಲವೂ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತವೆ. ಅಕ್ಷತೆಯ ಕಾಳುಗಳು ಗಾಳಿಯಲ್ಲಿ ನಿಂತಂತೆ ಬೇಕಾದರೆ ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಕಡಿಮೆ ಇರಬಾರದು. ಆದರೆ ಮಂಟಪದ ಎಲ್‌ಇಡಿ ದೀಪಗಳಲ್ಲಿ ಅಷ್ಟು ವೇಗಕ್ಕೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಬರಬಹುದು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಇರುವುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಮುಹೂರ್ತಕ್ಕೆ ಮೊದಲೇ ಒಂದೆರಡು ತೆಗೆದು ನೋಡಿ, ಪಟ್ಟೆ ಕಂಡರೆ 1/100ಕ್ಕೆ ಇಳಿಸಿ, ಕಾಳುಗಳು ಗೆರೆಗಳಾಗಿ ಬಂದರೂ ಚಿಂತೆಯಿಲ್ಲ. ಗುಲಾಬಿ, ನೇರಳೆ ದೀಪಗಳಿದ್ದರೆ, ಬಣ್ಣವನ್ನು ಆಮೇಲೆ ಹೆಚ್ಚು ತಿದ್ದಲು ಬರುವ ರಾ ಫೈಲ್‌ನಲ್ಲಿ ತೆಗೆಯಿರಿ. ಹಿಂದಿನ ದಿನವೇ ಸ್ಟುಡಿಯೊದವರನ್ನು ಮಾತನಾಡಿಸಿ, ಅವರ ಚೌಕಟ್ಟಿಗೆ ಅಡ್ಡ ಬರುವುದಿಲ್ಲ ಎಂದು ಹೇಳಿಬಿಡುವುದು ಎಲ್ಲಕ್ಕಿಂತ ಮುಖ್ಯ.

ಹೊರಾಂಗಣದ ಚಿತ್ರಗಳಿಗೆ ಬೇಲೂರು, ಹಳೇಬೀಡು, ಶೆಟ್ಟಿಹಳ್ಳಿಯ ಚರ್ಚ್, ಮುಳ್ಳಯ್ಯನಗಿರಿ ಎಂದು ನೀವೇ ಪಟ್ಟಿ ಮಾಡಿದ್ದೀರಿ. ಮುಳ್ಳಯ್ಯನಗಿರಿಯಲ್ಲಿ ಗಾಳಿ ಸೀರೆಯನ್ನು ನಿಲ್ಲಗೊಡುವುದಿಲ್ಲ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನ ನಡುವೆ ನಿಂತಾಗ ಚೆನ್ನ, ಏಪ್ರಿಲ್‌ನಲ್ಲಿ ನೀರು ಹಿಂದೆ ಸರಿದಿರುತ್ತದೆ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಗೋಡೆಯಲ್ಲಿ ಬೆರಳಿಡುವಷ್ಟು ಜಾಗವೂ ಕೆತ್ತನೆಯಿಲ್ಲದೆ ಇಲ್ಲ. ಜೋಡಿಯನ್ನು ಅದಕ್ಕೆ ಒರಗಿಸಿ ನಿಲ್ಲಿಸಿದರೆ ಅಷ್ಟು ಶಿಲ್ಪಗಳ ನಡುವೆ ಅವರೇ ಕಳೆದುಹೋಗುತ್ತಾರೆ. ಮೇಲಾಗಿ ಬೇಲೂರು, ಹಳೇಬೀಡಿನ ದೇವಾಲಯಗಳು ಸಂರಕ್ಷಿತ ಸ್ಮಾರಕಗಳು, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇವೆ; ಟ್ರೈಪಾಡ್, ದೀಪಗಳನ್ನು ಹಿಡಿದು ಹೋಗುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬೇಲೂರಿನ ದರ್ಪಣ ಸುಂದರಿ ಶಿಲ್ಪದಂತೆ ವಧುವಿನ ಕೈಗೆ ಕನ್ನಡಿ ಕೊಟ್ಟು ನಿಲ್ಲಿಸುವ ಹುಚ್ಚು ನನಗೂ ಇತ್ತು, ಒಂದು ಬಾರಿಯೂ ಚೆನ್ನಾಗಿ ಬರಲಿಲ್ಲ. ಕನ್ನಡಿಯನ್ನು ಮನೆಯಲ್ಲಿ ಬಳಸಿ: ಹುಡುಗಿಗೆ ಜಡೆ ಹೆಣೆಯುವಾಗ ಅವಳ ಕೈಗನ್ನಡಿಯಲ್ಲಿ ಹಿಂದೆ ನಿಂತ ತಾಯಿಯ ಮುಖ ಮಾತ್ರ ಕಾಣುವಂತೆ ಕೋನ ಹುಡುಕಿ. ಫೋಕಸ್ ಕನ್ನಡಿಯ ಚೌಕಟ್ಟಿನ ಮೇಲೆ ಬೀಳದೆ ಅದರೊಳಗಿನ ಮುಖದ ಮೇಲೆ ಇರಬೇಕು.

ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆ, ಅದೃಷ್ಟವಶಾತ್ ಆ ದಿನಗಳಿಗೆ ಹೊಂದಿಬಂದರೆ ಇದ್ಯಾವುದೂ ಬೇಡ. ಮಳೆ ಬಿದ್ದು ಎಂಟು ಹತ್ತು ದಿನಗಳಿಗೆ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ, ಮೂರು ನಾಲ್ಕು ದಿನಗಳಲ್ಲಿ ಹೂ ಕಂದುಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಏಳರೊಳಗೆ ವಧುವನ್ನು ಮನೆಯ ಹಿಂದಿನ ತೋಟದ ದಾರಿಗೆ ಕರೆದೊಯ್ಯಿರಿ. ಜೊತೆಗೆ ಒಬ್ಬ ಗೆಳತಿ ಸಾಕು, ಇಡೀ ದಂಡು ಬೇಡ. ಗಿಡಗಳ ನಡುವೆ ನುಗ್ಗಿದರೆ ಹೂ ಉದುರುತ್ತದೆ, ಜೇನು ಬೇರೆ ಎದ್ದಿರುತ್ತದೆ. ದಾರಿಯಲ್ಲೇ ನಿಂತು, ಹೂ ಬಿಟ್ಟ ಕೊಂಬೆಯನ್ನು ಲೆನ್ಸ್‌ಗೆ ತೀರ ಹತ್ತಿರ ಇರಿಸಿಕೊಂಡು, ಲೆನ್ಸ್‌ನ ಕಿಂಡಿಯನ್ನು (ಅಪರ್ಚರ್) ಎಫ್ 2ರ ಆಸುಪಾಸಿಗೆ ಅಗಲವಾಗಿ ತೆರೆದು ತೆಗೆದರೆ ಚಿತ್ರದ ಅಂಚೆಲ್ಲ ಬಿಳಿಯ ಮಸುಕಾಗಿ ನಡುವೆ ಅವಳ ಮುಖ ಉಳಿಯುತ್ತದೆ.

ಹೆಣ್ಣೊಪ್ಪಿಸುವಾಗ ಮಾತ್ರ ಹತ್ತಿರ ಹೋಗಬೇಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಬ್ಬ ತಂದೆಯ ಮುಖದ ಮುಂದೆ ಮೂರಡಿ ದೂರದಲ್ಲಿ ಫ್ಲಾಶ್ ಹೊಡೆದೆ. ಅವರು ಬೈಯಲಿಲ್ಲ, ಮಗಳ ಕೈ ಬಿಟ್ಟು ಗೋಡೆಯ ಕಡೆ ತಿರುಗಿದರು, ಮತ್ತೆ ಈ ಕಡೆ ತಿರುಗಲೇ ಇಲ್ಲ. ಆ ಕುಟುಂಬದ ಆಲ್ಬಮ್‌ನಲ್ಲಿ ಆ ಗಳಿಗೆ ಇಲ್ಲದಿರುವುದು ನನ್ನಿಂದ. ಅಂದಿನಿಂದ ಫ್ಲಾಶ್ ಆರಿಸಿ, ಬಂಧುಗಳ ಹಿಂದೆ ನಿಂತು, ಅವರ ಹೆಗಲುಗಳ ಸಂದಿನಿಂದ ಕೈಗಳನ್ನಷ್ಟೇ ತೆಗೆಯುತ್ತೇನೆ.

ಬೀಗರೂಟದಲ್ಲಿ ಒಂದು ಚಿತ್ರ ಸಾಕು: ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸುವವರು ಇನ್ನೂ ಬಾರದ ಹೊತ್ತಿನಲ್ಲಿ ಪಂಕ್ತಿಯ ತುದಿಯಿಂದ, ಎಲೆಯ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ತೆಗೆದದ್ದು. ಬಾಯಲ್ಲಿ ತುತ್ತಿರುವವರನ್ನು ತೆಗೆಯಬೇಡಿ, ಯಾರನ್ನೂ ಕೇಳದೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ.

ಕೊನೆಯದಾಗಿ, ಒಂದು ಬ್ಯಾಟರಿಯನ್ನು ತುಂಬಿಸಿ ಯಾರ ಕೈಗೂ ಸಿಗದಂತೆ ಎತ್ತಿಡಿ. ಅದು ಎಲ್ಲ ಮುಗಿದ ಮರುದಿನ ಬೆಳಿಗ್ಗೆಗೆ. ಆ ಹೊತ್ತಿಗೆ ಸ್ಟುಡಿಯೊದವರು ಊರಲ್ಲಿರುವುದಿಲ್ಲ. ಚಪ್ಪರ ಕಟ್ಟಿದವರೇ ಬಂದು ಅದನ್ನು ಬಿಚ್ಚುತ್ತಿರುತ್ತಾರೆ, ಬಾಡಿದ ಮಾವಿನ ತೋರಣ ಅಂಗಳದಲ್ಲಿ ಬಿದ್ದಿರುತ್ತದೆ, ನಿಮ್ಮ ಅಕ್ಕ ಮೂರು ದಿನಗಳಲ್ಲಿ ಮೊದಲ ಬಾರಿಗೆ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಸುಮ್ಮನೆ ಕುಳಿತಿರುತ್ತಾರೆ. ಟಾರ್ಪಾಲು ತೆಗೆದಾದ ಮೇಲೆ ತೆಗೆಯಿರಿ, ಬೆಳಕು ಸರಿಯಾಗಿರುತ್ತದೆ.